ರಿಸರ್ವಿನ ಒಂದು ಲೀಟರು

ಓಡುತ್ತಿರುವ ಗಾಡಿ ಒಮ್ಮೆ ಮುಗ್ಗರಿಸುತ್ತದೆ. ಎಡಗೈ ತಾನಾಗಿ ಹ್ಯಾಂಡಲ್ ಬಿಟ್ಟು ಟ್ಯಾಂಕಿನ ಕೆಳಗೆ ಇಳಿಯುತ್ತದೆ. ಕಣ್ಣು ಮಾತ್ರ ರಸ್ತೆಯ ಮೇಲೇ ಇರುತ್ತದೆ. ಬೆರಳಿಗೆ ಪೆಟ್ರೋಲಿನ ಕಾಕ್ ಸಿಕ್ಕಿ ಅರ್ಧ ಸುತ್ತು ತಿರುಗುತ್ತದೆ. ಎಂಜಿನ್ ಇನ್ನೆರಡು ಸಲ ಉಬ್ಬಸಪಟ್ಟು, ಮತ್ತೆ ಮೊದಲಿನ ದನಿಗೆ ಬರುತ್ತದೆ. ಗಾಡಿ ನಿಂತಿಲ್ಲ, ಹಿಂದೆ ಕೂತವರಿಗೆ ಗೊತ್ತೂ ಆಗಿಲ್ಲ. ಬೈಕ್ ಸವಾರಿಯಲ್ಲಿ ಇದಕ್ಕಿಂತ ಚೆಲುವಾದ ಕೈಚಳಕವನ್ನು ನಾನು ಕಂಡಿಲ್ಲ.

ಆ ಕಾಕಿನ ಒಳಗಿರುವ ಉಪಾಯ ತೀರಾ ಸರಳ. ಟ್ಯಾಂಕಿನ ತಳದಿಂದ ಮೇಲಕ್ಕೆ ಒಂದು ಸಣ್ಣ ಕೊಳವೆ ನೆಟ್ಟಗೆ ನಿಂತಿರುತ್ತದೆ. ಕಾಕ್ ಆನ್‌ನಲ್ಲಿದ್ದಾಗ ಪೆಟ್ರೋಲು ಆ ಕೊಳವೆಯ ತುದಿಯಿಂದಲೇ ಇಳಿಯಬೇಕು. ಮಟ್ಟ ತುದಿಗಿಂತ ಕೆಳಗೆ ಹೋಯಿತೆಂದರೆ ಹರಿವು ನಿಲ್ಲುತ್ತದೆ. ರಿಸರ್ವ್‌ಗೆ ತಿರುಗಿಸಿದಾಗ ಬುಡದ ತೂತು ತೆರೆದು, ತಳದಲ್ಲಿ ಉಳಿದದ್ದು ಇಳಿಯತೊಡಗುತ್ತದೆ. ರಿಸರ್ವ್‌ಗೆಂದು ಬೇರೆ ಡಬ್ಬಿ ಇಲ್ಲ, ವೈರಿಲ್ಲ, ಮುಳ್ಳಿಲ್ಲ. ಕೊಳವೆ ಎಷ್ಟು ಎತ್ತರವೋ ಉಳಿತಾಯ ಅಷ್ಟು. 1985ರ ಸಿಡಿ ಹಂಡ್ರೆಡ್, 1994ರ ಸ್ಪ್ಲೆಂಡರ್, ಅವುಗಳ ಹಿಂದೆ ಮುಂದೆ ಬಂದ ನೂರು ಸಿಸಿಯ ಗಾಡಿಗಳಲ್ಲಿ ಹೀಗೆ ಉಳಿಯುವುದು ಹೆಚ್ಚುಕಮ್ಮಿ ಒಂದು ಲೀಟರು. ಎಂಜಿನಿಯರು ಆ ಕೊಳವೆಯನ್ನು ಕತ್ತರಿಸುವಾಗ ಮುಂದೆಂದೋ ಓಡಿಸುವವನ ಚಿಂತೆಯನ್ನೂ ಅಳೆದಿದ್ದಾನೆ ಎಂದು ನನಗೆ ಅನ್ನಿಸುತ್ತದೆ.

ಈ ಒಂದು ಲೀಟರಿನ ರುಚಿ ತಿಳಿಯಬೇಕಾದರೆ ಅವಿಭಜಿತ ಬಳ್ಳಾರಿ ಜಿಲ್ಲೆಯ ನಮ್ಮ ಪಡುವಣ ತಾಲ್ಲೂಕುಗಳಿಗೆ ಬರಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ನಕ್ಷೆಯ ಮೇಲೆ ಸ್ಕೇಲಿಟ್ಟು ಅಳೆದು ನೋಡಿ: ನೆರೆಯ ಯಾವ ಎರಡು ಊರುಗಳನ್ನು ಹಿಡಿದರೂ ನಡುವೆ ಇಪ್ಪತ್ತು, ಇಪ್ಪತ್ತೈದು, ಮೂವತ್ತು ಕಿಲೋಮೀಟರು. ರಸ್ತೆಯ ತಿರುವು ಸೇರಿದರೆ ಇನ್ನಷ್ಟು. ಯಾರೋ ಸಮನಾಗಿ ಹಂಚಿಟ್ಟ ಹಾಗಿವೆ. ಲೀಟರಿಗೆ ಅರವತ್ತು ಕೊಡುವ ಗಾಡಿ ರಿಸರ್ವ್‌ಗೆ ಬಿದ್ದ ಮೇಲೂ ಮುಂದಿನ ಊರನ್ನು ಮುಟ್ಟುತ್ತದೆ, ಅಲ್ಲಿ ಬಂಕು ಮುಚ್ಚಿದ್ದರೆ ಬಂದ ಊರಿಗೆ ವಾಪಸಾಗುವಷ್ಟು ಆಸೆಯೂ ಉಳಿಯುತ್ತದೆ. ಕೂಡ್ಲಿಗಿಯಲ್ಲಿ ರಾಷ್ಟ್ರೀಯ ಹೆದ್ದಾರಿ 50ರ ಮೇಲೆ ಇರುವವರೆಗೆ ಈ ಲೆಕ್ಕ ಬೇಕಾಗುವುದಿಲ್ಲ. ಪಡುವಣಕ್ಕೆ ತಿರುಗಿ ಶೇಂಗಾ, ಮೆಕ್ಕೆಜೋಳದ ಹೊಲಗಳ ನಡುವೆ ಕೊಟ್ಟೂರಿನ ದಾರಿ ಹಿಡಿದಾಗ ಲೆಕ್ಕ ಶುರುವಾಗುತ್ತದೆ.

ಜಿಲ್ಲೆ ಬದಲಾದಂತೆ ಈ ಲೆಕ್ಕವೂ ಬದಲಾಗಿದೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಸೇರಿತು, ಆಮೇಲೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ದಾವಣಗೆರೆ ಹತ್ತಿರ, ರಿಸರ್ವಿನಲ್ಲಿ ಹೊರಟವನೂ ಧೈರ್ಯ ಮಾಡಬಹುದಿತ್ತು. ಈಗಿನ ಜಿಲ್ಲಾ ಕೇಂದ್ರ ಹೊಸಪೇಟೆ ಹೆಚ್ಚುಕಮ್ಮಿ ಅದರ ಎರಡರಷ್ಟು ದೂರ. ಕಚೇರಿ ಕೆಲಸಕ್ಕೆ ಹೊಸಪೇಟೆಗೆ ಹೊರಟವರು ಮೊದಲು ಬಂಕಿನ ಕಡೆ ತಿರುಗುತ್ತಾರೆ.

ರಿಸರ್ವ್‌ಗೆ ಬೀಳುವ ಮುಂಚೆಯೇ ಪೆಟ್ರೋಲನ್ನು ಓದುವವರಿದ್ದಾರೆ. ನನ್ನ ಹೆಚ್ಚಿನ ಗೌರವ ಅವರಿಗೇ. ಗಾಡಿಯನ್ನು ಎರಡೂ ಕಾಲುಗಳ ನಡುವೆ ಹಿಡಿದು ಒಮ್ಮೆ ಅತ್ತಿತ್ತ ಅಲುಗಿಸಿ ಕಿವಿಗೊಡುತ್ತಾರೆ. ತುಂಬಿದ ಟ್ಯಾಂಕು ಮಾತಾಡುವುದೇ ಇಲ್ಲ. ಅರ್ಧಕ್ಕಿಳಿದಾಗ ದಪ್ಪ ಗುಳುಗುಳು. ತಳ ಕಾಣುವ ಹೊತ್ತಿಗೆ ತಗಡಿಗೆ ತೆಳ್ಳಗೆ ಬಡಿಯುವ ಚಳಪಳ ಸದ್ದು. ಇನ್ನು ಕೆಲವರು ಅಂಗೈಯಲ್ಲೇ ಹೇಳುತ್ತಾರೆ. ಬೆಳಗಿನ ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೆ ಟ್ಯಾಂಕಿನ ಮೇಲ್ಭಾಗದ ಖಾಲಿ ತಗಡು ಬೇಗ ಕಾಯುತ್ತದೆ, ಪೆಟ್ರೋಲು ತಾಕಿಕೊಂಡಿರುವ ಕೆಳಭಾಗ ಇನ್ನೂ ತಣ್ಣಗಿರುತ್ತದೆ. ಕೈಯನ್ನು ಮೇಲಿನಿಂದ ಕೆಳಗೆ ಸವರಿದರೆ ಬಿಸಿ ಮುಗಿದು ತಂಪು ಶುರುವಾಗುವ ಗೆರೆ ಸಿಗುತ್ತದೆ. ಆ ಗೆರೆಯೇ ಮಟ್ಟ. ಇಷ್ಟು ನಯವಾದ ಮೀಟರನ್ನು ಯಾವ ಕಂಪನಿಯೂ ಕೂರಿಸಿಲ್ಲ.

ಕೂರಿಸಿದ ಮೀಟರಿನ ಸ್ವಭಾವವೂ ತಿಳಿದಿರಬೇಕು. ಟ್ಯಾಂಕಿನ ಒಳಗಿರುವುದು ತೇಲುವ ಒಂದು ಬುರುಡೆ, ಅದರ ಕಡ್ಡಿ ಏರಿಳಿದಂತೆ ಮೀಟರಿನ ಮುಳ್ಳೂ ಏರಿಳಿಯುತ್ತದೆ. ಟ್ಯಾಂಕನ್ನು ಬಾಯಿತನಕ ತುಂಬಿಸಿದಾಗ ಬುರುಡೆ ಮೇಲಕ್ಕೆ ತಾಗಿ ನಿಂತುಬಿಡುತ್ತದೆ, ಹಾಗಾಗಿ ಮೊದಲ ಹತ್ತಾರು ಕಿಲೋಮೀಟರು ಮುಳ್ಳು ಕದಲುವುದಿಲ್ಲ. ಟ್ಯಾಂಕಿನ ಮೇಲ್ಭಾಗ ಅಗಲ, ಕೆಳಭಾಗ ಕಿರಿದು. ಮೇಲಿನ ಅರ್ಧ ನಿಧಾನವಾಗಿ ಇಳಿದು, ಕೆಳಗಿನ ಅರ್ಧ ಸರಸರನೆ ಜಾರುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿ ನೋಡಿದರೆ ಒಂದು ಲೆಕ್ಕ, ನೆಟ್ಟಗೆ ನಿಲ್ಲಿಸಿ ನೋಡಿದರೆ ಇನ್ನೊಂದು. ಗೊತ್ತಿದ್ದವರು ಮೇನ್ ಸ್ಟ್ಯಾಂಡ್ ಹಾಕದೆ ಮುಳ್ಳಿನ ಮಾತು ಕೇಳುವುದಿಲ್ಲ.

ಟ್ಯಾಂಕಿನ ಆಕಾರದಲ್ಲೇ ಇನ್ನೊಂದು ಗುಟ್ಟಿದೆ. ಚಾಸಿಯ ಪೈಪು ನಡುವೆ ಹಾದುಹೋಗುವುದರಿಂದ, ಟ್ಯಾಂಕು ಹೇರೆತ್ತಿನ ಬೆನ್ನಿನ ಮೇಲಿನ ಚೀಲದಂತೆ ಎರಡೂ ಬದಿಗೆ ಇಳಿಬಿದ್ದಿರುತ್ತದೆ. ಕಾಕ್ ಇರುವುದು ಸಾಮಾನ್ಯವಾಗಿ ಎಡಗಡೆಗೆ. ರಿಸರ್ವೂ ಮುಗಿದು ಗಾಡಿ ನಿಂತಾಗ ಬಲಗಡೆಯ ಮಡಿಲಲ್ಲಿ ಒಂದಿಷ್ಟು ಪೆಟ್ರೋಲು ದಾಟಲಾರದೆ ಉಳಿದಿರುತ್ತದೆ. ಸವಾರ ಇಳಿದು, ಗಾಡಿಯನ್ನು ನಿಧಾನವಾಗಿ ಎಡಕ್ಕೆ ಮಲಗಿಸಿ, ನಡುವಿನ ದಿಬ್ಬ ದಾಟಿ ಅದು ಈ ಕಡೆ ಸುರಿಯುವ ಸದ್ದು ಕೇಳಿಸಿಕೊಂಡು, ಮತ್ತೆ ಎತ್ತಿ ಕಿಕ್ ಹೊಡೆಯುತ್ತಾನೆ. ಗಾಡಿ ಸ್ಟಾರ್ಟ್ ಆಗುತ್ತದೆ. ಆ ಒಂದೆರಡು ಕಿಲೋಮೀಟರಿನಲ್ಲಿ ಹಳ್ಳಿಯೊಂದು ಸಿಕ್ಕರೆ ಸಾಕು, ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಬಾಟಲಿ ಪೆಟ್ರೋಲು ಇದ್ದೇ ಇರುತ್ತದೆ. ಈ ಮಲಗಿಸಿ ಎತ್ತುವ ಕ್ರಮವನ್ನು ಹೊಲದ ಬದುವಿನಲ್ಲಿ ಯಾರಾದರೂ ಮಾಡುವುದನ್ನು ನಿಂತು ನೋಡಬೇಕು, ಅದರಲ್ಲಿ ಅವಸರವಿರುವುದಿಲ್ಲ.

ಉಳಿದದ್ದೆಷ್ಟು ಎಂಬುದು ಅರ್ಧ ವಿದ್ಯೆ. ಅಷ್ಟರಲ್ಲಿ ಎಲ್ಲಿಯವರೆಗೆ ಎಂಬುದು ಉಳಿದರ್ಧ, ಅದನ್ನು ಕಲಿಸುವುದು ಗಾಳಿ. ಆಷಾಢದಲ್ಲಿ ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ. ಕೂಡ್ಲಿಗಿಯಿಂದ ಕೊಟ್ಟೂರು ಹಾದು ಹರಪನಹಳ್ಳಿಗೆ ಹೋಗುವವನು, ಹಗರಿಬೊಮ್ಮನಹಳ್ಳಿಯಿಂದ ಹಡಗಲಿಗೆ ಹೋಗುವವನು, ಇಬ್ಬರೂ ಆ ಗಾಳಿಗೆ ಎದೆಯೊಡ್ಡಬೇಕು. ಬಯಲು ಬಯಲೇ ಆದ ರಸ್ತೆಯಲ್ಲಿ ಮರೆಯಿಲ್ಲ. ನಾಲ್ಕನೇ ಗೇರಿನಲ್ಲಿ ಹೋಗುತ್ತಿದ್ದ ಗಾಡಿ ಮೂರಕ್ಕೆ ಬರುತ್ತದೆ, ಮೈಲೇಜು ಕಣ್ಣೆದುರೇ ಇಳಿಯುತ್ತದೆ. ವಾಪಸು ಬರುವಾಗ ಅದೇ ಗಾಳಿ ಬೆನ್ನಿಗೆ. ಹೋಗುವಾಗ ತೆತ್ತದ್ದರಲ್ಲಿ ಒಂದಷ್ಟು ಬರುವಾಗ ಕೈಸೇರುತ್ತದೆ. ಅನುಭವಿಗಳು ಹೋಗುವ ದಾರಿಗೆ ಹೆಚ್ಚು, ಬರುವ ದಾರಿಗೆ ಕಡಿಮೆ ಎಂದು ಪೆಟ್ರೋಲು ಹಂಚಿಕೊಂಡೇ ಹೊರಡುತ್ತಾರೆ. ಇದನ್ನು ಅವರು ಯಾವ ಪುಸ್ತಕದಲ್ಲೂ ಓದಿಲ್ಲ.

ಜಾತ್ರೆಯ ದಿನ ಈ ಲೆಕ್ಕವೆಲ್ಲ ತಲೆಕೆಳಗು. ಕೊಟ್ಟೂರು ಗುರುಬಸವೇಶ್ವರರ ತೇರಿಗೆ, ಮೈಲಾರದ ಕಾರ್ಣಿಕಕ್ಕೆ ಹೊರಟ ಗಾಡಿಗಳು ಊರು ಸಮೀಪಿಸಿದಂತೆ ಮೊದಲ ಗೇರಿನಲ್ಲಿ, ಕಾಲು ನೆಲಕ್ಕಿಟ್ಟು ತೆವಳುತ್ತವೆ. ಕಿಲೋಮೀಟರು ಏರುವುದಿಲ್ಲ, ಪೆಟ್ರೋಲು ಮಾತ್ರ ಇಳಿಯುತ್ತದೆ. ಆವತ್ತು ಟ್ಯಾಂಕು ತುಂಬಿಸಿಯೇ ಹೊರಡಬೇಕು.

ಉಳಿದ ದಿನಗಳಲ್ಲಿ ಟ್ಯಾಂಕು ತುಂಬಿಸುವವರು ಕಡಿಮೆ. 2021ರಲ್ಲಿ ಲೀಟರಿನ ಬೆಲೆ ನೂರು ದಾಟಿತು. ಆದರೂ ಬಂಕಿನಲ್ಲಿ ಕೇಳುವ ಮಾತು "ನೂರಕ್ಕ ಹಾಕ್ರಿ ಅಣ್ಣ" ಎಂದೇ. ಕೂಲಿಗೆ, ಹಾಲು ಹಾಕಲಿಕ್ಕೆ, ಸಂತೆಗೆ ಹೋಗುವವರ ಗಾಡಿ ವರ್ಷವಿಡೀ ರಿಸರ್ವಿನ ಗೆರೆಯ ಹಿಂದೆ ಮುಂದೆಯೇ ಓಡುತ್ತದೆ. ಮೈಲೇಜಿನ ಮಾತು ಇಲ್ಲಿ ಕುಶಲ ಪ್ರಶ್ನೆಯಷ್ಟೇ ಸಹಜ. "ಎಷ್ಟ್ ಕೊಡ್ತೈತಿ?" ಎಂದರೆ "ಅರವತ್ತಕ್ಕ ಮೋಸ ಇಲ್ಲ" ಎನ್ನುವ ಉತ್ತರದಲ್ಲಿ ಮನೆಯ ಎತ್ತನ್ನು ಹೊಗಳುವ ಹೆಮ್ಮೆ ಕೇಳಿಸುತ್ತದೆ. ಕೈಯಲ್ಲಿ ದುಡ್ಡು ಬಿಗಿ ಇರುವವರೇ ಈ ವಿದ್ಯೆಯನ್ನು ಇಷ್ಟು ಹದಕ್ಕೆ ತಂದವರು, ಅದಕ್ಕೆ ಸಲ್ಲಬೇಕಾದ ಮನ್ನಣೆ ಅವರಿಗೇ ಸಲ್ಲಬೇಕು.

2020ರ ಏಪ್ರಿಲ್‌ನಿಂದ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಗಾಡಿಗಳಲ್ಲಿ ಬಹುಮಟ್ಟಿಗೆ ಕಾರ್ಬೊರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು, ಅದರ ಜೊತೆ ಕಾಕೂ ಹೋಯಿತು. ಹೊಗೆ ಕಡಿಮೆಯಾಯಿತು, ಚಳಿಯಲ್ಲಿ ಚೋಕ್ ಎಳೆಯುವ ಕಷ್ಟ ತಪ್ಪಿತು, ಅದು ಒಳ್ಳೆಯದೇ. ಆದರೆ ಈ ಗಾಡಿಗಳಲ್ಲಿ ಪಂಪು ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿರುತ್ತದೆ, ಪೆಟ್ರೋಲೇ ಅದನ್ನು ತಂಪಾಗಿಡುತ್ತದೆ. ಒಣಗುವವರೆಗೆ ಓಡಿಸಿದರೆ ಪಂಪು ಸುಡುವ ಭಯ. ಕೊನೆಯ ಹನಿಯವರೆಗೆ ನಂಬಿ ಓಡುವ ಹಳೆಯ ಧೈರ್ಯ ಈ ಗಾಡಿಗಳಿಗೆ ಒಗ್ಗದು, ಮೀಟರಿನ ಕೊನೆಯ ಕಡ್ಡಿ ಮಿನುಗತೊಡಗಿದರೆ ಬಂಕಿಗೆ ಹೋಗುವುದೇ ಸರಿ.

ಮನೆಯಲ್ಲಿ ಕಾಕ್ ಇರುವ ಗಾಡಿ ಇನ್ನೂ ಓಡುತ್ತಿದ್ದರೆ ಅದನ್ನು ಆಗಾಗ ತಿರುಗಿಸುತ್ತಿರಿ, ಒಳಗಿನ ರಬ್ಬರು ಬಿಗಿದುಕೊಂಡರೆ ಓಡುವಾಗ ಬೆರಳಿಗೆ ಬಗ್ಗುವುದಿಲ್ಲ. ಮತ್ತು ರಿಸರ್ವಿನಲ್ಲಿ ಬಂಕು ಮುಟ್ಟಿ ಪೆಟ್ರೋಲು ಹಾಕಿಸಿದ ಮೇಲೆ, ಗಾಡಿ ಸ್ಟಾರ್ಟ್ ಮಾಡುವ ಮುಂಚೆ, ಕಾಕನ್ನು ಮರೆಯದೆ ಆನ್‌ಗೆ ತನ್ನಿ.