ಬಾಯ್ಲರ್ ಏಳುವ ಹೊತ್ತು

ಓಡುತ್ತಿರುವ ಯಂತ್ರಕ್ಕಿಂತ ಮಲಗಿದ್ದು ಏಳುವ ಯಂತ್ರದ ಮೇಲೇ ನನಗೆ ಮೋಹ. ನರಗುಂದದಿಂದ ಗಜೇಂದ್ರಗಡದ ಕಡೆ ಹೊರಟರೆ ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣುತ್ತವೆ. ಆಷಾಢದ ಗಾಳಿಗೆ ಅವು ಬಿಡುವಿಲ್ಲದೆ ತಿರುಗುವಾಗ ರಾಜ್ಯದ ಕಲ್ಲಿದ್ದಲು ಘಟಕಗಳಲ್ಲಿ ಕೆಲವಕ್ಕೆ ರಜೆ. ಗಾಳಿ ಬಿತ್ತೋ, ಅವನ್ನು ಮತ್ತೆ ಎಬ್ಬಿಸಬೇಕು.

ಎಬ್ಬಿಸುವುದೇನು ಸುಲಭವೇ? ಚಳಿಗಾಲದ ಬೆಳಿಗ್ಗೆ ತಣ್ಣನೆಯ ಗಾಜಿನ ಲೋಟಕ್ಕೆ ಕುದಿಯುವ ಚಹಾ ಸುರಿದರೆ ಟಪ್ಪೆಂದು ಸೀಳುತ್ತದೆ. ಒಳಮೈ ಹಿಗ್ಗಿತು, ಹೊರಮೈಗೆ ಸುದ್ದಿ ಮುಟ್ಟಿರಲಿಲ್ಲ. ದಪ್ಪ ಲೋಟವೇ ಮೊದಲು ಹೋಗುವುದು. ರಾಯಚೂರು ಶಕ್ತಿನಗರದ 210 ಮೆಗಾವಾಟ್ ಘಟಕಗಳ ಬಾಯ್ಲರ್ ಡ್ರಮ್ಮಿನ ಉಕ್ಕು ನಾಲ್ಕು ಇಂಚಿಗೂ ದಪ್ಪ. ಅದು ಲೋಟದಂತೆ ಸೀಳುವುದಿಲ್ಲ; ಒಂದೊಂದು ಅವಸರಕ್ಕೂ ಇಷ್ಟಿಷ್ಟೇ ಆಯುಷ್ಯ ಕಳೆದುಕೊಳ್ಳುತ್ತದೆ. ಅಲ್ಲಿನ ಮೊದಲ ಘಟಕ 1985ರದು.

ಎಬ್ಬಿಸುವಾಗ ಮೊದಲು ಎಣ್ಣೆಯ ಬೆಂಕಿ, ಆಮೇಲೆ ಕಲ್ಲಿದ್ದಲು. ಟರ್ಬೈನಿನ ದಂಡ ಬಾಗದಂತೆ ಅದನ್ನು ಮೆಲ್ಲಗೆ ತಿರುಗಿಸುತ್ತಲೇ ಇರುತ್ತಾರೆ. ಕೊನೆಗೆ ನಿಮಿಷಕ್ಕೆ 3000 ಸುತ್ತು, 50 ಹರ್ಟ್ಜ್, ಬ್ರೇಕರ್ ಕೂಡಿ ಘಟಕ ಗ್ರಿಡ್‌ಗೆ ಸೇರಿತು. ನಿಂತು 72 ಗಂಟೆ ಮೀರಿದ್ದರೆ ಅದು ಕೋಲ್ಡ್ ಸ್ಟಾರ್ಟ್; ಅತಿ ನಿಧಾನ, ಎಣ್ಣೆಯೂ ಅತಿ ಹೆಚ್ಚು.

ನಿಜವಾದ ತೊಡಕು ವಿಳಂಬದ್ದು. ಬೆಂಕಿ ಹೆಚ್ಚಿಸಿದ್ದು ಈಗ, ಮೀಟರಿನಲ್ಲಿ ಬಿಸಿ ಕಾಣುವುದು ಆಮೇಲೆ. ಮಲಪ್ರಭಾ ಕಾಲುವೆಯ ಕೊನೆಯ ಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಲ ತುಂಬಿದ ಮೇಲೆ ಮೇಲಿನ ಗೇಟು ಇಳಿಸಿದರೆ ಬದು ಉಳಿದೀತೆ?

ಮುನ್ಸೂಚಕ ನಿಯಂತ್ರಣ ಎಂಬ ವಿದ್ಯೆ ಹುಟ್ಟಿದ್ದು ಇಂಥ ವಿಳಂಬಕ್ಕೇ. 1970ರ ದಶಕದಲ್ಲಿ, ತೈಲ ಶುದ್ಧೀಕರಣ ಕಾರ್ಖಾನೆಗಳಲ್ಲಿ. ಬಾಯ್ಲರಿನ ಗಣಿತರೂಪವೊಂದು ಕಂಪ್ಯೂಟರಿನಲ್ಲಿರುತ್ತದೆ. ಬೆಂಕಿಯನ್ನು ಹೀಗೆ ಏರಿಸಿದರೆ ಮುಂದೆ ಡ್ರಮ್ಮಿನ ಒಳಮೈಗೂ ಹೊರಮೈಗೂ ಬಿಸಿಯಲ್ಲಿ ಎಷ್ಟು ಅಂತರ ಬೀಳುತ್ತದೆ, ಹಾಗೆ ಏರಿಸಿದರೆ ಎಷ್ಟು ಎಂದು ಅದು ಲೆಕ್ಕ ಹಾಕುತ್ತದೆ. ಲೋಹ ತಾಳುವ ಮಿತಿಯೊಳಗೇ ಇದ್ದು ಕಡಿಮೆ ಎಣ್ಣೆ ಸುಡುವ ದಾರಿ ಯಾವುದೋ ಅದನ್ನು ಆರಿಸುತ್ತದೆ. ನನ್ನನ್ನು ಮರುಳು ಮಾಡಿದ್ದು ಇದರ ಮುಂದಿನ ನಡೆ: ಅಷ್ಟು ದೂರದ ಯೋಜನೆ ಹಾಕಿದರೂ ಇಡುವುದು ಅದರ ಮೊದಲ ಹೆಜ್ಜೆಯನ್ನು ಮಾತ್ರ. ಮತ್ತೆ ಅಳತೆ, ಹಳೆಯ ಯೋಜನೆ ಕಸದ ಬುಟ್ಟಿಗೆ, ಹೊಸ ಲೆಕ್ಕ.

ಪಳಗಿದ ಆಪರೇಟರ್ ಇದನ್ನೇ ತಲೆಯಲ್ಲಿ ಮಾಡುತ್ತಾನೆ. ಆದರೆ ಲೋಹದೊಳಗಿನ ಒತ್ತಡ ಕಣ್ಣಿಗೆ ಕಾಣದು. ಎಲ್ಲಿ ಹೆಚ್ಚಾದೀತೋ ಎಂದು ಮಿತಿಗಿಂತ ಬಹಳ ಕೆಳಗೇ ಉಳಿಯುತ್ತಾನೆ. ತಪ್ಪೇನಿಲ್ಲ, ನಾನಿದ್ದರೂ ಅಷ್ಟೇ. ಆ ಅಂಜಿಕೆಯಷ್ಟೂ ಎಣ್ಣೆಯಾಗಿ ಉರಿದುಹೋಗುತ್ತದೆ.

ಹೊಸ ಘಟಕಗಳಿಗಿಂತ ಮೊದಲು ಈ ಮುನ್ಸೂಚಕ ನಿಯಂತ್ರಣ ಬೇಕಾದ್ದು ಗಾಳಿಯ ಲಹರಿಗೆ ಮಲಗಿ ಏಳುವ ಹಳೆಯ 210ಗಳಿಗೆ. ಒಂದು ಮಾತು: ಬಿಸಿ ಅಳೆಯುವ ಥರ್ಮೋಕಪಲ್ ಒಂದು ಕೆಟ್ಟಿದ್ದರೆ ಸಾಕು, ಇಡೀ ಲೆಕ್ಕ ತಲೆಕೆಳಗು. ಎಂಜಿನಿಯರ್ ಮಿತ್ರರೇ, ಇಂಥ ತಂತ್ರಾಂಶ ಕೊಳ್ಳುವ ಮುನ್ನ ಡ್ರಮ್ಮಿನ ಥರ್ಮೋಕಪಲ್‌ಗಳನ್ನು ಒಮ್ಮೆ ಪರೀಕ್ಷೆ ಮಾಡಿಸಿ.