ದರೋಜಿ ಈರಮ್ಮನ ಮೇಳವು

ತುಂಗಭದ್ರೆಯಾಚೆಯ ದರೋಜಿಯ ಬುರ್ರಕಥಾ ಈರಮ್ಮನ ಹೆಸರು ಅರಕೇರಾ ಪ್ರಾಂತದ ವಾಚಕರಿಗೆ ಹೊಸತಲ್ಲ. ಬುಡ್ಗ ಜಂಗಮ ಕುಲದಲ್ಲಿ ಜನಿಸಿ, ತಂದೆ ಲಾಲಪ್ಪನಿಂದ ವಿದ್ಯೆಯನ್ನು ಪಡೆದು, ಅಕ್ಷರವನ್ನರಿಯದೆಯೇ ಅನೇಕ ಕಾವ್ಯಗಳನ್ನು ಕಂಠದಲ್ಲಿ ಧರಿಸಿದ್ದ ಈಕೆಯು 2014ರಲ್ಲಿ ದಿವಂಗತಳಾದಳು. ನಂಜುಂಡಕವಿಯು ಸಾಂಗತ್ಯದಲ್ಲಿ ರಚಿಸಿದ ಕುಮಾರರಾಮನ ಚರಿತೆಯನ್ನೇ ಈಕೆಯು ತನ್ನ ಮೇಳದೊಡನೆ ಹಾಡಿದಳು.

ಮೇಳದಲ್ಲಿದ್ದವರು ಮೂವರು. ಈರಮ್ಮನು ತಂಬೂರಿ ಹಿಡಿದು ಕಥೆಯನ್ನು ನಡೆಸುತ್ತಿದ್ದಳು. ಬಂಧುಗಳಾದ ಶಿವಮ್ಮ, ಪಾರ್ವತಮ್ಮ ಇವರು ಚರ್ಮವಾದ್ಯಗಳನ್ನು ನುಡಿಸುತ್ತ, ಹಾಡಿದ ಪಾದವನ್ನೇ ಮರಳಿ ಎತ್ತಿಕೊಂಡು, ಹೂಂಗುಟ್ಟಿ ಕಥೆಗೆ ಬಲವನ್ನೀಯುತ್ತಿದ್ದರು. ಆ ಅವಕಾಶದಲ್ಲಿ ಮುಖ್ಯಗಾಯಕಿಗೆ ಉಸಿರೂ ದೊರೆಯುತ್ತಿತ್ತು, ಮುಂದಿನ ಪಾದವೂ ಸ್ಫುರಿಸುತ್ತಿತ್ತು.

ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಈ ಕಾವ್ಯಗಳನ್ನು ಅಚ್ಚುಹಾಕಿಸಿ, ಈರಮ್ಮನಿಗೆ ನಾಡೋಜ ಪದವಿಯನ್ನಿತ್ತು ಉಪಕರಿಸಿತು. ಆದರೆ ಗ್ರಂಥದಲ್ಲಿ ಉಳಿಯುವುದು ಪಾಠ ಮಾತ್ರ. ತಾಳವೂ ವಿರಾಮವೂ ಕಿವಿಯ ಸೊತ್ತು. ಇಂತಹ ಕಾವ್ಯವನ್ನು ಲಾಕ್ಷಣಿಕರ ಅಳತೆಗೋಲಿನಿಂದ ಅಳೆದು ಪುನರುಕ್ತಿದೋಷವನ್ನು ಹೇಳುವವರುಂಟು. ಹಾಗೆ ಹೇಳುವ ಮೊದಲು, ಎರಡನೆಯ ಸಲ ಆ ಪಾದವನ್ನು ಹಾಡಿದವರು ಯಾರೆಂದು ವಿಚಾರಿಸತಕ್ಕದ್ದು. ಹಿಮ್ಮೇಳದ ಆ ಇಬ್ಬರ ಕಂಠವನ್ನು ದೋಷವೆಂದು ಕಳೆದುಬಿಟ್ಟರೆ ಬುರ್ರಕಥೆಯಲ್ಲಿ ಕಥೆಯು ಉಳಿದೀತು, ಮೇಳವು ಉಳಿಯಲಾರದು.