ಕಬ್ಬು, ಕೊಯ್ತಾ ಮತ್ತು ದೇಹ

ಜಾಗತಿಕ ಬಂಡವಾಳಶಾಹಿಯನ್ನು ಕುರಿತ ಅಧ್ಯಯನಗಳು ಸರಕು, ಹಣ ಹಾಗೂ ಮಾರುಕಟ್ಟೆಗಳ ಚಲನೆಯನ್ನು ವಿವರಿಸಿದಷ್ಟು ವಿಸ್ತಾರವಾಗಿ ಮನುಷ್ಯದೇಹವನ್ನು ವಿವರಿಸಿಲ್ಲ. 1867ರಲ್ಲಿ ಪ್ರಕಟವಾದ 'ಬಂಡವಾಳ'ದ ಮೊದಲ ಸಂಪುಟದಲ್ಲಿ ಕಾರ್ಲ್ ಮಾರ್ಕ್ಸ್ ಕಾರ್ಮಿಕರ ಬಳಲಿಕೆ, ರೋಗ, ಅಕಾಲಮರಣಗಳನ್ನು ಸವಿವರವಾಗಿ ದಾಖಲಿಸಿದ್ದಾನೆ. ಆದರೆ ಅನಂತರದ ಬರವಣಿಗೆಯಲ್ಲಿ ದೇಹವು 'ಶ್ರಮಶಕ್ತಿ' ಎಂಬ ಅಮೂರ್ತ ಪರಿಕಲ್ಪನೆಯೊಳಗೆ ಬಹುಮಟ್ಟಿಗೆ ಕರಗಿಹೋಯಿತು.

ಈ ಹಿನ್ನೆಲೆಯಲ್ಲಿ ಮಾನವಶಾಸ್ತ್ರಜ್ಞ ಸಿಡ್ನಿ ಮಿಂಟ್ಸ್ ಅವರ 'ಸ್ವೀಟ್‌ನೆಸ್ ಅಂಡ್ ಪವರ್' (1985) ಮಹತ್ವದ ಕೃತಿ. ಕೆರಿಬಿಯನ್ ತೋಟಗಳಲ್ಲಿ ಕಬ್ಬು ಕಡಿದ ಗುಲಾಮರ ಕೈಗಳನ್ನೂ ಇಂಗ್ಲೆಂಡಿನ ಕಾರ್ಮಿಕರ ಬಾಯಿಯನ್ನೂ ಅದು ಒಂದೇ ಚರಿತ್ರೆಯೊಳಗೆ ತರುತ್ತದೆ. 1900ರ ಹೊತ್ತಿಗೆ ಇಂಗ್ಲಿಷರ ಆಹಾರದ ಕ್ಯಾಲೊರಿಗಳಲ್ಲಿ ಸುಮಾರು ಐದನೆಯ ಒಂದು ಭಾಗ ಸಕ್ಕರೆಯದಾಗಿತ್ತು. ಬಡ ಕುಟುಂಬದಲ್ಲಿ ಮಾಂಸ ಗಂಡಸಿಗೆ, ಸಕ್ಕರೆ ಹೆಂಗಸರು ಮಕ್ಕಳಿಗೆ ಎಂಬ ಹಂಚಿಕೆಯನ್ನೂ ಮಿಂಟ್ಸ್ ಗುರುತಿಸುತ್ತಾರೆ. ಆದರೂ ಮುಟ್ಟಾಗುವ, ಹೆರುವ ದೇಹವು ಅವರ ವಿಶ್ಲೇಷಣೆಯ ಕೇಂದ್ರಕ್ಕೆ ಬರುವುದಿಲ್ಲ.

ಈ ಕೊರತೆಯನ್ನು ತುಂಬುವ ಸಿಲ್ವಿಯಾ ಫೆಡರಿಚಿ ಅವರ 'ಕ್ಯಾಲಿಬಾನ್ ಅಂಡ್ ದಿ ವಿಚ್' (2004) ಕೃತಿಯು, ಹೊಸ ಕಾರ್ಮಿಕರನ್ನು ಹೆರಿಸಿಕೊಳ್ಳಲು ಬಂಡವಾಳವು ಹೆಣ್ಣಿನ ಗರ್ಭವನ್ನು ಹತೋಟಿಗೆ ತೆಗೆದುಕೊಂಡಿತೆಂದು ವಾದಿಸುತ್ತದೆ. ಯುರೋಪಿನ ಚರಿತ್ರೆಯಿಂದ ಮೂಡಿದ ಈ ವಾದವನ್ನು ಭಾರತದ ಕಬ್ಬಿನ ಗದ್ದೆಯಲ್ಲಿ ಪರೀಕ್ಷಿಸಬೇಕಾಗಿದೆ.

ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕುಟುಂಬಗಳು ಪ್ರತಿ ಹಂಗಾಮಿನಲ್ಲಿ ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕದ ಗಡಿಭಾಗಗಳಿಗೂ ಕಬ್ಬು ಕಡಿಯಲು ವಲಸೆ ಹೋಗುತ್ತವೆ. ಗುತ್ತಿಗೆದಾರನ ಲೆಕ್ಕದಲ್ಲಿ ಗಂಡಹೆಂಡಿರಿಬ್ಬರೂ ಸೇರಿ ಒಂದು 'ಕೊಯ್ತಾ'. ಅಂದರೆ ಎರಡು ದೇಹಗಳಿಗೆ ಒಂದು ಕತ್ತಿಯ ಹೆಸರು. ಮುಂಗಡ ಜೋಡಿಗೆ ಸಲ್ಲುತ್ತದೆ; ಒಬ್ಬರು ಒಂದು ದಿನ ತಪ್ಪಿದರೂ ದಂಡ ಬೀಳುತ್ತದೆ. ಇಲ್ಲಿನ ಸಾವಿರಾರು ಸ್ತ್ರೀಯರು, ಹಲವರು ಎಳೆಯ ಪ್ರಾಯದಲ್ಲೇ, ಗರ್ಭಕೋಶ ತೆಗೆಸಿಕೊಂಡಿರುವುದು 2019ರಲ್ಲಿ ಬೆಳಕಿಗೆ ಬಂದು, ರಾಜ್ಯ ಸರ್ಕಾರ ವಿಚಾರಣಾ ಸಮಿತಿಯನ್ನು ನೇಮಿಸಿತು. ಭಾರವಾದ ಹೊರೆ, ಶೌಚಾಲಯ ಹಾಗೂ ನೀರಿಲ್ಲದ ಬಿಡಾರ, ಬಾಲ್ಯವಿವಾಹ, ಚಿಕಿತ್ಸೆಯಿಲ್ಲದ ಸೋಂಕು, ಕೂಲಿ ತಪ್ಪುವ ಭಯ ಇವೆಲ್ಲವೂ ಈ ಶಸ್ತ್ರಕ್ರಿಯೆಗಳ ಹಿಂದಿವೆ.

ಫೆಡರಿಚಿಯವರ ವಾದ ಇಲ್ಲಿ ತಲೆಕೆಳಗಾಗುತ್ತದೆ. ದುಡಿಯುವವರು ಧಾರಾಳವಾಗಿ ದೊರೆಯುವಲ್ಲಿ ಗರ್ಭವು ಬಂಡವಾಳಕ್ಕೆ ಸಾಧನವಾಗಿ ಉಳಿಯದೆ ಅಡಚಣೆಯಾಗುತ್ತದೆ. ಅದನ್ನು ತೆಗೆಸಿಕೊಳ್ಳಲು ಯಾವ ಧಣಿಯೂ ಅಪ್ಪಣೆ ಮಾಡಬೇಕಿಲ್ಲ. ಮುಂಗಡದ ಲೆಕ್ಕವೇ ಸಾಕು. 2021-22ರ ಹಂಗಾಮಿನಲ್ಲಿ ಭಾರತವು 100 ಲಕ್ಷ ಟನ್ನಿಗೂ ಮಿಕ್ಕ ಸಕ್ಕರೆಯನ್ನು ರಫ್ತು ಮಾಡಿತು. ಆ ಸಕ್ಕರೆಯ ಬೆಲೆಯಲ್ಲಿ ಈ ನಷ್ಟ ಸೇರಿರಲಿಲ್ಲ. ಬೆಲೆಯಲ್ಲಿ ಕಾಣದ್ದನ್ನು ಕಾಣಿಸುವುದು ಅಧ್ಯಯನದ ಕೆಲಸವೆಂದಾದರೆ, ಬಂಡವಾಳಶಾಹಿಯ ವಿಮರ್ಶೆ ದೇಹದಿಂದಲೇ ಆರಂಭವಾಗಬೇಕಾಗುತ್ತದೆ.